ಮಂಡಿಯೆತ್ತರದ ಮನೆತನ

ನನ್ನ ಮಾವನವರು ನಮ್ಮೂರಿಗೇ ದೊಡ್ಡ ಮನುಷ್ಯರು. ಮನೆಯೊಳಗೆ ಅಂಬೆಗಾಲಿಡುತ್ತಾರೆ. ಈ ಎರಡು ಮಾತಿಗೂ ಜಗಳವೇನಿಲ್ಲ. ನಮ್ಮೂರಿನಲ್ಲಿ ಮನೆಯೊಳಗೆ ಎದೆ ಸೆಟೆಸಿಕೊಂಡು ಓಡಾಡುವವನನ್ನು ಯಾರೂ ಮೂಸಿ ನೋಡುವುದಿಲ್ಲ.

ಯಾಕೆಂದರೆ ನಮ್ಮೂರಿನ ಒಲೆಯ ಹೊಗೆ ಹುಟ್ಟಿದ ಮನೆ ಬಿಟ್ಟು ಹೋಗುವುದಿಲ್ಲ. ಬಾಗಿಲು ಹಾರುಹೊಡೆದಿದ್ದರೂ ಹೊಸ್ತಿಲ ತನಕ ಬಂದು ಹಿಂದಕ್ಕೆ ತಿರುಗುತ್ತದೆ. ಅಜ್ಜಿ ಹೊತ್ತಿಸಿದ ಒಲೆಯದು ಮೇಲೆ, ಅವಳ ಸೊಸೆಯದು ಅದರ ಕೆಳಗೆ, ಸೊಸೆಯ ಸೊಸೆಯದು ಇನ್ನೂ ಕೆಳಗೆ. ಹೀಗೆ ಸೂರಿನಿಂದ ನೆಲದ ಕಡೆಗೆ ತಲೆಮಾರಿಗೆ ಇಷ್ಟಿಷ್ಟು ಇಳಿದುಕೊಂಡು ಬರುತ್ತದೆ. ಹೊಗೆ ಎಷ್ಟು ಕೆಳಗೋ ಮನೆತನ ಅಷ್ಟು ಮೇಲೆ. ನಿನ್ನೆ ಮೊನ್ನೆ ಮನೆ ಕಟ್ಟಿದವರದು ನೆತ್ತಿಯೆತ್ತರದ ಹೊಗೆ. ಅವರು ಪಾಪ, ನೆಟ್ಟಗೆ ನಿಂತು ಓಡಾಡುತ್ತಾರೆ. ಎರಡು ಮೂರು ತಲೆ ಕಂಡವರದು ಎದೆಯೆತ್ತರದ್ದು. ಸೊಂಟದೆತ್ತರದವರು ಪಂಚಾಯ್ತಿಯಲ್ಲಿ ಬಾಯಿ ಬಿಡಬಹುದು. ಮಂಡಿಯೆತ್ತರದ ಹೊಗೆ ಇರುವುದು ಇಡೀ ಊರಿಗೆ ನಮ್ಮ ಮನೆಯೊಂದರಲ್ಲೇ. ನಾವು ಬಾಯಿಯನ್ನೂ ಬಿಡಬೇಕಾಗಿಲ್ಲ. ಮಾವನವರು ಒಮ್ಮೆ ಕೆಮ್ಮಿದರೆ ತೀರ್ಪಾಯಿತು ಎಂದು ಎದ್ದು ಹೋಗುತ್ತಾರೆ.

"ಹೊಗೆ ಇದ್ದಷ್ಟು ಬೆನ್ನು ಬಾಗಿಸು" ಎಂಬುದು ನಮ್ಮೂರ ಗಾದೆ. ಎಲ್ಲ ಗಾದೆಗಳಂತೆ ಇದನ್ನೂ ಜನ ಹೇಳುತ್ತಾರೆ, ಪಾಲಿಸುವುದಿಲ್ಲ. ಸಂತೆಗೆ ಹೋಗುವಾಗ, ಮೋಡವೊಂದೂ ಇಲ್ಲದ ಬಯಲಿನಲ್ಲಿ, ಎದೆಯೆತ್ತರದವರು ಸೊಂಟದೆತ್ತರದವರ ಹಾಗೆ ಬಗ್ಗಿಕೊಂಡು ನಡೆಯುತ್ತಾರೆ. ಸೈಕಲ್ ಶಾಪಿನ ರೇವಣ್ಣ ಕೈಯಲ್ಲಿ ನಾಲ್ಕು ಕಾಸು ಆಡಿದ್ದೇ ತಡ, ಹಳೇ ಟೈರು, ಹಸಿ ಬೇವಿನ ಸೊಪ್ಪು ಒಟ್ಟಿ ಸುಟ್ಟು ಒಂದೇ ಬೇಸಿಗೆಯಲ್ಲಿ ಹೊಗೆಯನ್ನು ಎದೆಯಿಂದ ಸೊಂಟಕ್ಕಿಳಿಸಿದ. ಕೊಂಡ ಹೊಗೆ ಕುಲದ ಹೊಗೆ ಆದೀತೇ ಎಂದು ಊರೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧ ಜನ ಮಾರನೆಯ ದಿನ ಅವನ ಶಾಪಿಗೆ ಹಳೇ ಟೈರು ಕೇಳಲು ಹೋದರು.

ಹೊಗೆಗೆ ಹೊರಗೆ ಹೋಗಲು ಇರುವುದು ಒಂದೇ ದಾರಿ, ಮೇಲಿನದು. ಮಾಡಿನ ಒಂದು ಹೆಂಚು ಸರಿದರೂ ಸಾಕು, ತಲೆತಲಾಂತರದ ಹೊಗೆ ಹಿಂದೆ ಮುಂದೆ ನೋಡದೆ ಎದ್ದು ಹೋಗಿಬಿಡುತ್ತದೆ. ಹೆಂಚು ಮುರಿದ ಮನೆಗೆ ಮತ್ತೆ ಹೆಣ್ಣು ಕೊಡುವವರಿಲ್ಲ, ತರುವವರಿಲ್ಲ. ಅದಕ್ಕೇ ನಮ್ಮಲ್ಲಿ ಗವಾಕ್ಷಿ ಎಂಬುದು ಬೈಗುಳ. ನಮ್ಮೂರ ಗಂಡಸರು ಒಬ್ಬರ ತಾಯಿಯನ್ನೊಬ್ಬರು ಬೈದುಕೊಂಡು ಆಮೇಲೆ ಒಟ್ಟಿಗೆ ಟೀ ಕುಡಿದಾರು, "ಗವಾಕ್ಷಿ ಮನೆಯವನೇ" ಎಂದರೆ ಮಾತ್ರ ದೊಣ್ಣೆ ಹುಡುಕುತ್ತಾರೆ.

ನನ್ನ ತವರು ನೆತ್ತಿಯೆತ್ತರದ ಮನೆ. ಅಂಥಲ್ಲಿಂದ ನಾನು ಇಲ್ಲಿಗೆ ಸೊಸೆಯಾಗಿ ಬಂದದ್ದು ರೂಪಕ್ಕಲ್ಲ, ಗುಣಕ್ಕಂತೂ ಅಲ್ಲವೇ ಅಲ್ಲ. ನಾನು ಕುಳ್ಳಿ ಎಂಬ ಒಂದೇ ಕಾರಣಕ್ಕೆ. ಉದ್ದದ ಹುಡುಗಿಯರು ದೊಡ್ಡ ಮನೆಗಳಲ್ಲಿ ಬಾಳುವುದಿಲ್ಲ, ಎರಡೇ ವರ್ಷಕ್ಕೆ ಸೊಂಟ ಹಿಡಿದುಕೊಂಡು ತವರಿಗೆ ಬರುತ್ತಾರೆ. ನನ್ನನ್ನು ನೋಡಲು ಬಂದ ಅತ್ತೆ ಬೋರಮ್ಮನವರು ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ. "ಕುಕ್ಕರಗಾಲಲ್ಲಿ ಎಷ್ಟೊತ್ತು ಕೂತ್ಕಂತೀಯವ್ವ?" ಎಂದರು.

"ನಾನು ಕೂತ್ರೂ ಒಂದೇ ನಿಂತ್ರೂ ಒಂದೇ ಕಣತ್ತೆ, ನೀವೇ ನೋಡಿ" ಎಂದೆ.

ಅಮ್ಮ ನನ್ನ ತೊಡೆ ಚಿವುಟಿದಳು. ಅತ್ತೆ ಮಾತ್ರ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಮದುವೆ ಗೊತ್ತಾಯಿತು. ಮನೆಯೊಳಗೇ ಧಾರೆಯಾಗಬೇಕೆಂದು ಮಾವನವರ ಹಟ. ಫೋಟೋದಲ್ಲಿ ನಮ್ಮ ನಾಲ್ಕೂ ಪಾದಗಳು ಬಹಳ ಚೆನ್ನಾಗಿ ಬಂದಿವೆ, ಮೇಲಿನದೆಲ್ಲ ಹೊಗೆ. ಗಂಡನ ಮುಖವನ್ನು ನಾನು ಮೊದಲು ಸರಿಯಾಗಿ ನೋಡಿದ್ದು ಮಾರನೆಯ ದಿನ ಹಿತ್ತಲಿನಲ್ಲಿ. ಮುಖ ಪರವಾಗಿರಲಿಲ್ಲ. ಹೆಸರು ಪಾಲಾಕ್ಷ. ತಗಡು, ತಂತಿ, ಪೈಪು ಏನು ಸಿಕ್ಕರೂ ಬಗ್ಗಿಸಿ ಏನಾದರೊಂದು ಮಾಡಿಕೊಡುತ್ತಾನೆ, ಅದು ಕೆಲಸಕ್ಕೆ ಬಾರದಿದ್ದರೆ ಅವನ ತಪ್ಪಲ್ಲ. ಊರೆದುರಿಗೆ ಅವನಿಗೆ ನಾನು ಬಹುವಚನ ಕೊಡುತ್ತೇನೆ, ಹಿತ್ತಲಿನಲ್ಲಿ ಏಕವಚನ.

ಮನೆಯ ಹೊಗೆಗೆ ನಮ್ಮವರು ದೊಡ್ಡಜ್ಜ ಎನ್ನುತ್ತಾರೆ. ದೊಡ್ಡಜ್ಜನಿಗೆ ಕೈಮುಗಿದು ಒಲೆ ಹಚ್ಚಬೇಕು, ದೊಡ್ಡಜ್ಜ ಕೇಳಿಸಿಕೊಳ್ಳುವಂತೆ ಗಂಡನ ಜೊತೆ ಜಗಳವಾಡಬಾರದು. ನಾನು ಬಂದ ಹೊಸತರಲ್ಲಿ ಸೀನಿದಾಗಲೆಲ್ಲ ಅತ್ತೆ ಮೇಲಕ್ಕೆ ಕೈಮುಗಿದು, "ತಪ್ಪಾಯ್ತು ದೊಡ್ಡಜ್ಜ, ನೆತ್ತಿ ಮನೆ ಹುಡುಗಿ, ಇನ್ನೂ ರೂಢಿಯಿಲ್ಲ" ಎನ್ನುತ್ತಿದ್ದರು. ದೊಡ್ಡಜ್ಜನ ಸೇವೆ ಹೆಂಗಸರ ಪಾಲು, ಮರ್ಯಾದೆ ಗಂಡಸರ ಪಾಲು. ಗಂಡಸರು ಬೆಳಗಾದರೆ ಜಗಲಿಗೆ, ಹೊಲಕ್ಕೆ, ಟೀ ಅಂಗಡಿಗೆ. ದಿನವಿಡೀ ನೆಲಕ್ಕೆ ಮೂಗು ಹಚ್ಚಿಕೊಂಡು ಉಸಿರಾಡುವವರು ನಾವು.

ನನಗೆ ಮಗಳು ಹುಟ್ಟಿದಾಗ ಮನೆಯವರೆಲ್ಲ ಕುಣಿದಾಡಿದರು. ಹೊಗೆಗೆ ಗಂಡು ಹೆಣ್ಣು ಎಂಬ ಭೇದವಿಲ್ಲ, ಯಾರಾದರೂ ಆದೀತು. ಅದೊಂದು ಒಳ್ಳೆಯ ಗುಣವನ್ನು ನಾನು ದೊಡ್ಡಜ್ಜನಿಂದ ಕಿತ್ತುಕೊಳ್ಳುವುದಿಲ್ಲ. ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದರು. ಕೂಸಿಗೆ ನಿಂಗಿ ಎಂದು ಹೆಸರಿಟ್ಟು, ಅತ್ತೆಯದೊಂದು ಹಳೇ ಸೀರೆಯಲ್ಲಿ ಜೋಲಿ ಕಟ್ಟಿ, ಅವಳನ್ನು ಅದರಲ್ಲಿ ಮಲಗಿಸಿ ಹಗ್ಗ ಜಗ್ಗಿದರು. ಜೋಲಿ ಮೇಲೆ ಹೋಯಿತು. ಹೊಗೆಯೊಳಗೆ ಹೋಯಿತು. ಕಾಣದಾಯಿತು. ಮೇಲಿನಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು.

"ನೋಡು, ಮಾತಾಡ್ಸ್ತಾ ಅವ್ಳೆ" ಎಂದು ಮಾವನವರು ಕಣ್ಣು ಒರೆಸಿಕೊಂಡರು.

ಇದು ನಮ್ಮೂರ ಶಾಸ್ತ್ರ. ಕೂಸು ದೊಡ್ಡಜ್ಜನ ಮಡಿಲಲ್ಲಿ ಬೆಳೆಯಬೇಕು, ಮೊದಲ ಹಲ್ಲು ಬಂದ ಮೇಲೆಯೇ ನೆಲಕ್ಕೆ. ಹಾಗೆ ಬೆಳೆಯದ ಕೂಸನ್ನು ದೊಡ್ಡಜ್ಜ ಗುರುತು ಹಿಡಿಯುವುದಿಲ್ಲವಂತೆ, ಮುಂದೆ ಅದು ಮನೆ ಆಳುವ ಕಾಲಕ್ಕೆ ಹೊಗೆ ತಾನಾಗಿ ಹೊರಟುಹೋಗುತ್ತದಂತೆ. ನಮ್ಮ ಮನೆಯಲ್ಲಿ ನೆಲದಿಂದ ಮಂಡಿಯ ತನಕ ಒಳ್ಳೆಯ ಗಾಳಿ ಇದೆ. ಅಷ್ಟು ಜಾಗದಲ್ಲಿ ಏಳು ಸೇರು ಅಕ್ಕಿ, ಎರಡು ಬೆಕ್ಕು, ಮಾವನವರ ಎಲೆಯಡಿಕೆ ತಟ್ಟೆ, ಎಲ್ಲವೂ ಆರಾಮಾಗಿ ಇವೆ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಶ್ವಾಸಕೋಶ ಯಾರದೋ ಅವಳನ್ನು ಮಾತ್ರ ಹಗ್ಗ ಹಾಕಿ ಮೇಲಕ್ಕೆ ಎಳೆದಿದ್ದೆವು. ಆಗ ನನಗೂ ಇದು ಹೊಳೆಯಲಿಲ್ಲ. ಶಾಸ್ತ್ರ ಎಂದರೆ ಹಾಗೆಯೇ, ಎಲ್ಲರೂ ಸೇರಿ ಕಣ್ಣು ಮುಚ್ಚಿಕೊಂಡರೆ ಕತ್ತಲಿಗೆ ಹೆದರಿಕೆಯಾಗುವುದಿಲ್ಲ.

ನಿಂಗಿ ಕೆಮ್ಮಿದಳು. ಕೆಮ್ಮು ಸಣ್ಣದಿದ್ದಾಗ ಅದು ಅಜ್ಜ ಮೊಮ್ಮಗಳ ಮಾತುಕತೆ. ದೊಡ್ಡದಾದಾಗ ಅದಕ್ಕೆ ಕಾರಣ ಬೇಕಾಯಿತು, ಕಾರಣ ಎಂದರೆ ಸೊಸೆ. ನಾನು ಸೀಬೆಹಣ್ಣು ತಿಂದದ್ದು ಹಾಲಿಗಿಳಿಯಿತು. ನಾನು ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲಿ ಎತ್ತಿಕೊಂಡದ್ದರಿಂದ ಥಂಡಿ ಏರಿತು. ನನ್ನ ತವರಿನ ತೆಳು ಹೊಗೆ ನನ್ನ ಮೈಯಲ್ಲಿ ಇನ್ನೂ ಇದೆ, ಅದಕ್ಕೂ ದೊಡ್ಡಜ್ಜನಿಗೂ ಸರಿಬರುತ್ತಿಲ್ಲ. ಬಾಯಿಗೊಂದು ಕಾರಣ ಬಂತು. ಒಬ್ಬರೂ ತಲೆಯೆತ್ತಿ ಜೋಲಿಯ ಕಡೆ ನೋಡಲಿಲ್ಲ. ನೋಡಿದ್ದರೂ ಹೊಗೆ ಬಿಟ್ಟು ಬೇರೇನು ಕಾಣುತ್ತಿತ್ತು? ಕೊನೆಗೆ ನನ್ನ ಹಾಲು ಥಂಡಿಯೆಂದು ತೀರ್ಮಾನವಾಗಿ, ಕೂಸಿಗೆ ಒಳಲೆಯಲ್ಲಿ ನೀರು ಬೆರೆಸಿದ ಆಕಳ ಹಾಲು ಕುಡಿಸತೊಡಗಿದರು. ನಾನು ಬಚ್ಚಲಲ್ಲಿ ಎದೆ ಹಿಂಡಿ ಅಳುತ್ತಿದ್ದೆ. ಅಳು ಮುಗಿದ ಮೇಲೆ ಅತ್ತೆ ಹೊರಗೆ ಹೋಗುವುದನ್ನು ಕಾದು, ಕೂಸನ್ನಿಳಿಸಿ ಕದ್ದು ಕುಡಿಸುತ್ತಿದ್ದೆ. ಊರಲ್ಲಿ ಕಳ್ಳತನ ಮಾಡುವವರು ಯಾರಾದರೂ ತಮ್ಮದೇ ಮಾಲು ಕದಿಯುತ್ತಾರೆಯೇ?

ಕೆರೆಯಾಚೆ ಊರಿನಿಂದ ತಿಂಗಳಿಗೊಮ್ಮೆ ಶಾಹಿದಾ ಸಿಸ್ಟರ್ ಬರುತ್ತಿದ್ದರು. ಸೂಜಿಮದ್ದಿನ ಡಬ್ಬಿಯ ಜೊತೆಗೆ ಒಂದು ಮಡಚುವ ಸ್ಟೂಲನ್ನೂ ತಂದು ಜಗಲಿಯ ಹೊರಗೆ ಹಾಕಿಕೊಂಡು ಕೂರುತ್ತಿದ್ದರು. ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಕರೆದರೆ, "ಅಂಬೆಗಾಲಿಗೆ ಸರ್ಕಾರ ಭತ್ಯೆ ಕೊಡಲ್ಲ ಕಣ್ರೀ" ಎನ್ನುತ್ತಿದ್ದರು. ಅವರ ಬಾಯಿ ನನ್ನ ಬಾಯಿಗಿಂತ ಜೋರು, ಹಾಗಾಗಿ ನನಗೆ ಇಷ್ಟ. ಹಲ್ಲು ಬರುವ ತನಕ ಕೂಸನ್ನು ಹೊರಗೆ ತರುವಂತಿಲ್ಲ ಎಂದು ಅತ್ತೆ ಪ್ರತಿ ಸಲವೂ ವಾಪಸು ಕಳಿಸಿದ್ದರು. ಆ ಸಲ ನಾನೇ ನಿಂಗಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ತಂದೆ. ಸಿಸ್ಟರ್ ಅಂಗಿ ಎತ್ತಿ ಎದೆ ನೋಡಿದರು. ಗಡಿಯಾರ ಹಿಡಿದು ಉಸಿರು ಎಣಿಸಿದರು. ಅವರ ಮುಖದ ನಗು ಹೋಯಿತು.

"ನೋಡಮ್ಮ ಇಲ್ಲಿ. ಉಸಿರು ಎಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳ್ತಿದೆ, ಕಾಣ್ತಾ? ಇದು ಥಂಡಿ ಅಲ್ಲ, ದೃಷ್ಟಿ ಅಲ್ಲ. ನ್ಯುಮೋನಿಯಾ. ಇವತ್ತೇ ಆಸ್ಪತ್ರೆಗೆ ಹೋಗಬೇಕು."

ಮಾವನವರು ಹೊಸ್ತಿಲಿನಿಂದ ತಲೆ ಹೊರಗೆ ಹಾಕಿ, "ಏನಕ್ಕೆ ಬತ್ತದಂತೆ ಅದು?" ಎಂದರು.

"ಏನಕ್ಕೆ ಅಂದ್ರೆ? ನಿಮ್ಮ ಮನೆಯೊಳಗೆ ಇದೆಯಲ್ಲ, ಅದಕ್ಕೆ! ದೊಡ್ಡವರ ಎದೆಗೇ ಒಗ್ಗದ ಹೊಗೆ, ಇದಕ್ಕಿನ್ನೂ ಐದು ತಿಂಗಳು. ತಾಯಿ ಹಾಲು ಬಿಡಿಸಿದ್ದೀರಿ, ಸೂಜಿ ಹಾಕಿಸಿಲ್ಲ. ಕೂಸು ಇನ್ನೂ ಉಸಿರಾಡ್ತಾ ಇರೋದೇ ಆಶ್ಚರ್ಯ ನನಗೆ" ಎಂದು ಸಿಸ್ಟರ್ ಬೀದಿಯೆಲ್ಲ ಕೇಳುವಂತೆ ಕೂಗಿದರು.

ಬೀದಿ ಕೇಳಿಸಿಕೊಂಡಿತು. ಸೊಂಟದೆತ್ತರದವರು ಕಿಟಕಿಯಿಲ್ಲದ ಗೋಡೆಗಳ ಹಿಂದಿನಿಂದ ಬಾಗಿಲಿಗೆ ಬಂದರು. ಮಾವನವರಿಗೆ ಜೀವಕ್ಕಿಂತ ಮರ್ಯಾದೆ ಹೆಚ್ಚು, ಆವತ್ತು ಅದೇ ನಮ್ಮನ್ನು ಕಾಪಾಡಿತು. "ಕರ್ಕಂಡೋಗ್ರಿ ಅತ್ಲಾಗೆ" ಎಂದುಬಿಟ್ಟರು.

ಆಸ್ಪತ್ರೆಯಲ್ಲಿ ನಿಂಗಿ ವಾರದೊಳಗೆ ಗೆಲುವಾದಳು. ಸೂಜಿ, ಔಷಧಿ, ನನ್ನ ಹಾಲು, ಮೇಲೆ ಹೊಗೆಯಿಲ್ಲದ ಸೂರು. ಮೊದಲ ಸಲ ಗಟ್ಟಿಯಾಗಿ ನಕ್ಕಳು. ನಾನು ಹಿಗ್ಗಿ ಹೀರೇಕಾಯಾಗಿ ಮನೆಗೆ ಬಂದೆ. ಬಂದ ಸಂಜೆಯೇ ಅತ್ತೆ ಜೋಲಿಯ ಹಗ್ಗ ಹಿಡಿದರು. ನಾನು ಬಿಡಲಿಲ್ಲ, ಪಕ್ಕದಲ್ಲೇ ನೆಲದ ಮೇಲೆ ಮಲಗಿಸಿಕೊಂಡೆ. ಆದರೆ ನೀರಿಗೆ ಹೋಗಬೇಕು, ಸೌದೆಗೆ ಹೋಗಬೇಕು. ನಾನು ಕೊಡ ಎತ್ತಿದ್ದೇ ತಡ ಕೂಸು ಮೇಲೆ, ವಾಪಸು ಬಂದರೆ ನಾನು ಕೆಳಗಿಳಿಸಬೇಕು. ಬಾವಿಯ ರಾಟೆಯೂ ಅಷ್ಟು ಸಲ ಮೇಲೆ ಕೆಳಗೆ ಹೋಗಿರಲಾರದು. ಹದಿನೈದು ದಿನ ಕಳೆಯುವುದರೊಳಗೆ ಕೆಮ್ಮು ಮತ್ತೆ ಬಂತು.

ಹೊಗೆಯಿಂದ ಹೊರಗಿದ್ದಾಗ ವಾಸಿಯಾದಳು, ಒಳಗೆ ಬಂದಮೇಲೆ ಕೆಮ್ಮಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನಮ್ಮ ಮನೆಯವರಿಗೆ ಬೇಕಿತ್ತು, ಅದೂ ತಿರುಗಮುರುಗಾ ತೋರಿಸುವ ಕನ್ನಡಿ. "ಹೊರಗೆ ಕರ್ಕಂಡೋಗಿದ್ದಕ್ಕೆ ದೊಡ್ಡಜ್ಜ ಮುನಿಸ್ಕಂಡವ್ರೆ. ಇನ್ನು ಕೂಸು ಹೊಸ್ತಿಲು ದಾಟಂಗಿಲ್ಲ" ಎಂದು ಮಾವನವರು ತೀರ್ಪು ಕೊಟ್ಟರು. ಈ ಸಲ ಕೆಮ್ಮದೆ, ಮಾತಿನಲ್ಲೇ ಕೊಟ್ಟರು.

ಆ ಹೊತ್ತಿಗೆ ಸರಿಯಾಗಿ ಊರಿಗೆ ಹೊಗೆಯಿಲ್ಲದ ಒಲೆಗಳು ಬಂದವು. ಸಿಸ್ಟರ್ ಎಲ್ಲೆಲ್ಲಿಗೋ ಅರ್ಜಿ ಹಾಕಿ ತರಿಸಿದ್ದರು. ಒಲೆಗೊಂದು ಉದ್ದನೆಯ ತಗಡಿನ ಕೊಳವೆ, ಅದನ್ನು ಮಾಡಿನಿಂದ ಹೊರಗೆ ತೆಗೆದರೆ ಹೊಗೆಯೆಲ್ಲ ಆಕಾಶಕ್ಕೆ. ಹೊಗೆಯಿಲ್ಲದ ಒಲೆ ಎಂಬ ಹೆಸರು ಕೇಳಿ ಊರಿಗೆ ಅವಮಾನವಾಯಿತು. ಆದರೆ ಪುಕ್ಕಟೆ. ಅವಮಾನವಾದವರೆಲ್ಲ ಸಾಲಿನಲ್ಲಿ ನಿಂತು ಮನೆಗೊಂದು ತಂದರು. ಒಲೆಯಲ್ಲಿ ಕೋಳಿಗಳನ್ನು ಕಾವಿಗೆ ಕೂರಿಸಿದರು. ಕೊಳವೆಯನ್ನು ಒಬ್ಬರು ಬಚ್ಚಲ ನೀರು ಹೋಗಲು ಇಟ್ಟರು, ಒಬ್ಬರು ನುಗ್ಗೆಗಿಡಕ್ಕೆ ಊರುಗೋಲು ಕೊಟ್ಟರು. ನನ್ನ ಗಂಡ ಪಾಲಾಕ್ಷ ಮಾತ್ರ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಯೋಚನೆ ಮಾಡಿದ. ಅವನಿಗೆ ಮಗಳೆಂದರೆ ಪ್ರಾಣ. ಇದನ್ನು ನಾನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಮೂರನೆಯ ದಿನ ನಾನು ಬಟ್ಟೆಗಂಟು ಹೊತ್ತು ಹಳ್ಳಕ್ಕೆ ಹೋಗಿದ್ದೆ. ಮಧ್ಯಾಹ್ನ ಬಂದರೆ ಪಾಲಾಕ್ಷ ಬಾಗಿಲಲ್ಲಿ ಮುಖ ಅರಳಿಸಿಕೊಂಡು ನಿಂತಿದ್ದ.

"ಬಾರೆ ಈರಿ, ಬಾ. ನೋಡು ಬಾ. ಹೆಂಗೆ ಬಗ್ಸಿದೀನಿ ನೋಡು."

ಹೊಸ ಒಲೆಯನ್ನು ಹೂಡಿ ಉರಿ ಹಚ್ಚಿದ್ದ. ಕೊಳವೆ ಒಲೆಯಿಂದ ಹೊರಟು, ನೀಟಾಗಿ ಎರಡು ಕಡೆ ಬಗ್ಗಿ, ಮೇಲೇರಿ ಹೊಗೆಯೊಳಗೆ ಹೋಗಿತ್ತು. ಎಲ್ಲಿಗೆ ಹೋಗಿದೆ ಎಂದು ಕೇಳಿದೆ.

"ಜೋಲಿಗೆ" ಎಂದ. "ದೊಡ್ಡಜ್ಜ ಮುನಿಸ್ಕಂಡಿದ್ರೆ ಸಮಾಧಾನ ಮಾಡ್ಬೇಕಲ್ಲ. ಸೀದಾ ಒಲೆಯಿಂದ ಕೂಸಿಗೆ, ದಾರಿಯಲ್ಲಿ ಒಂದು ಚೂರೂ ಪೋಲಾಗಲ್ಲ. ಬೆಚ್ಚಗಿರ್ತಾಳೆ ಕಣೆ. ಬೆಳಗ್ಗೆಯಿಂದ ಕೆಮ್ಮೇ ಇಲ್ಲ, ಗೊತ್ತಾ?"

ಬಟ್ಟೆಗಂಟು ಎಲ್ಲಿ ಬಿತ್ತೋ ತಿಳಿಯದು. ಕೊಳವೆಯನ್ನು ಒದ್ದು ಕೆಡವಿ, ಹೊಗೆಯೊಳಗೆ ಕೈಹಾಕಿ, ಜೋಲಿ ಜಗ್ಗಿ ಅವಳನ್ನು ಇಳಿಸಿದೆ. ಕೆಮ್ಮಲು ಅವಳಿಗೆ ಶಕ್ತಿ ಇರಲಿಲ್ಲ, ಅಷ್ಟೆ. ತುಟಿ ನೇರಳೆಹಣ್ಣು ತಿಂದಂತಾಗಿತ್ತು. ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಪಕ್ಕೆಯ ಕೆಳಗಿನ ಗುಳಿಯಲ್ಲಿ ನನ್ನ ಹೆಬ್ಬೆರಳು ಇಡಬಹುದಿತ್ತು. ಪಾಲಾಕ್ಷ ಬಗ್ಗಿ ನೋಡಿದ. ಅವನ ಮುಖ ನನಗೆ ಈಗಲೂ ಕಣ್ಣಮುಂದೆ ಬರುತ್ತದೆ, ಬಂದಾಗ ಬೈಯಲು ಮನಸ್ಸಾಗುವುದಿಲ್ಲ.

ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಓಡಿದೆ, ಎಂದರೆ ಅಂಬೆಗಾಲಲ್ಲಿ ಎಷ್ಟು ಓಡಬಹುದೋ ಅಷ್ಟು. ಮಾವನವರು ಹೊಸ್ತಿಲಿಗೆ ಅಡ್ಡ ಕೂತಿದ್ದರು. ಅವರದು ಬಾಗಿಲು ತುಂಬುವ ಮೈ.

"ಹೊರಗೆ ಹೋಗಂಗಿಲ್ಲ."

"ಮಾವ, ಕೂಸು ಸಾಯ್ತೈತೆ."

"ಒಂದು ಸಲ ಹೊರಗೆ ಹೋಗಿದ್ದಕ್ಕೇ ಹಿಂಗಾಯ್ತು. ಕೂಸು ಹೊಸ್ತಿಲು ದಾಟಂಗಿಲ್ಲ. ದೊಡ್ಡಜ್ಜ ಈ ಮನೇಲಿರೋ ತನಕ ನನ್ನ ಮಾತು ಇದು."

ಅತ್ತೆ ಹತ್ತಿರ ಬಂದು ನಿಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ನನ್ನ ಬೆನ್ನ ಮೇಲೆ ಕೈಯಿಟ್ಟರು. ಪ್ರೀತಿಯಿಂದಲೇ ಇಟ್ಟರು. "ದೊಡ್ಡಜ್ಜ ಎತ್ಕಳೋ ಹಂಗೆ ಕಾಣ್ತದೆ ಮಗ. ಹಟ ಮಾಡ್ಬೇಡ. ಎತ್ಕಳ್ಳಿ ಬಿಡು. ನೀನು ಇನ್ನೂ ಚಿಕ್ಕೋಳು, ಇನ್ನೊಂದಾಯ್ತದೆ."

ನಮ್ಮೂರಿನಲ್ಲಿ ಕೂಸು ಸತ್ತಿತು ಎನ್ನುವುದಿಲ್ಲ, ದೊಡ್ಡಜ್ಜ ಎತ್ತಿಕೊಂಡ ಎನ್ನುತ್ತಾರೆ. ಎತ್ತಿಕೊಂಡ ಕೂಸಿಗೆ ಅಳಬಾರದು, ಅದರ ಹೆಸರು ಹೇಳಬಾರದು, ಮಕ್ಕಳ ಲೆಕ್ಕದಲ್ಲಿ ಹಿಡಿಯಬಾರದು. ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೆ. ನನ್ನ ಮಗಳಿಗೆ ಅದನ್ನು ಹೇಳಿದಾಗ ಮಾತ್ರ ನನ್ನೊಳಗೆ ಏನೋ ಕುದಿದು ಉಕ್ಕಿತು. ಹೆದರಿಕೆ ಹೋಯಿತು, ದುಃಖ ಹೋಯಿತು. ಸಿಟ್ಟೊಂದೇ ಉಳಿಯಿತು, ಎಂಥ ಸಿಟ್ಟೆಂದರೆ ತಲೆ ತಣ್ಣಗಾಗಿಬಿಟ್ಟಿತು.

"ದೊಡ್ಡಜ್ಜ ಇರೋ ತನಕ ತಾನೇ ಮಾವ, ನಿಮ್ಮ ಮಾತು?" ಎಂದು ಹಿತ್ತಲ ಬಾಗಿಲಿನಿಂದ ಹೊರಗೆ ಬಂದೆ. ನನ್ನನ್ನು ಯಾರೂ ತಡೆಯಲಿಲ್ಲ, ಸೊಸೆ ಹೊಸ್ತಿಲು ದಾಟಿದರೆ ದೊಡ್ಡಜ್ಜನಿಗೆ ಬೇಜಾರಿಲ್ಲ. ಮಚ್ಚು ಸೊಂಟಕ್ಕೆ ಸಿಕ್ಕಿಸಿ ಏಣಿಯನ್ನು ಮಾಡಿಗೆ ಆನಿಸಿದೆ. ಪಾಲಾಕ್ಷ ಹಿಂದೆಯೇ ಓಡಿಬಂದ.

"ಬ್ಯಾಡ ಕಣೆ ಈರಿ, ಬ್ಯಾಡ. ಊರೋರು ಉಗೀತಾರೆ. ಅಪ್ಪ ಸತ್ತೇ ಹೋಯ್ತಾರೆ. ನಿನ್ನ ಕಾಲಿಗ್ ಬೀಳ್ತೀನಿ, ಬ್ಯಾಡ" ಎಂದು ಅಳುತ್ತಿದ್ದ. ಅಳುತ್ತಲೇ ಎರಡೂ ಕೈಯಲ್ಲಿ ಏಣಿಯನ್ನು ಅಲ್ಲಾಡದಂತೆ ಹಿಡಿದಿದ್ದ. ನಾನು ಮೇಲಿನ ಮೆಟ್ಟಿಲು ಮುಟ್ಟುವ ತನಕವೂ ಹಿಡಿದಿದ್ದ. ಈ ಸಂಸಾರ ಇವತ್ತಿಗೂ ಉಳಿದಿದ್ದರೆ ಆ ಹಿಡಿತದಿಂದ.

ಮಚ್ಚಿನ ಹಿಂಬದಿಯಿಂದ ಒಂದು ಹೆಂಚು ಒಡೆದೆ. ಬೀದಿಯಲ್ಲಿ ಯಾರೋ ಹೆಂಗಸು ಕಿರುಚಿಕೊಂಡಳು. ಇನ್ನೊಂದು ಒಡೆದೆ. ಆಮೇಲೆ ಕೈಗೆ ರುಚಿ ಹತ್ತಿತು, ಆರೇಳು ಒಡೆದೆ. ದೊಡ್ಡಜ್ಜ ಮೊದಲು ಹೊರಗೆ ಇಣುಕಿದ. ನೆಂಟರ ಮನೆಯಲ್ಲಿ ವರ್ಷಗಟ್ಟಲೆ ಉಳಿದ ಮುದುಕ, ಹೊರಡು ಎಂದು ಹೇಳುವವರಿಗೆ ಕಾಯುತ್ತಿದ್ದನೇನೋ ಎನ್ನುವಂತೆ, ಎದ್ದು ಮೈಕೊಡವಿ ಹೊರಟೇಬಿಟ್ಟ. ಕರ್ರಗೆ, ದಪ್ಪಗೆ, ನನ್ನ ಮುಖಕ್ಕೇ ಬಡಿದುಕೊಂಡು ಮೇಲೆ ಹೋದ. ಹೋಗುವಾಗ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಕುಲ, ಗೋತ್ರ, ಪಂಚಾಯ್ತಿ ಕಟ್ಟೆಯ ಮರ್ಯಾದೆ, ಎಲ್ಲ ಹುಣಿಸೆಮರದ ಮೇಲೆ ಚದುರಿ ಹೋಯಿತು. ಕೆಳಗೆ ರೇವಣ್ಣ ನಿಂತು ಬಾಯಿಬಾಯಿ ಬಿಡುತ್ತಿದ್ದ. ಊರಿಗೆ ಇನ್ನು ಸೊಂಟದೆತ್ತರದ ತಾನೂ ದೊಡ್ಡ ಮನುಷ್ಯ ಎಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ನಾನು ಇಳಿದು ಒಳಗೆ ಓಡಿದೆ. ಆ ಮನೆಯಲ್ಲಿ ನಾನು ನಿಂತುಕೊಂಡು ಓಡಿದ್ದು ಅದೇ ಮೊದಲು. ಒಡೆದ ಹೆಂಚಿನಿಂದ ಬಿಸಿಲು ಕೋಲಿನಂತೆ ನೆಟ್ಟಗೆ ಇಳಿದಿತ್ತು. ಮಾವನವರು ಹೊಸ್ತಿಲಲ್ಲೇ ಇದ್ದರು, ಆದರೆ ಯಾರನ್ನೂ ತಡೆಯುತ್ತಿರಲಿಲ್ಲ. ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು. ಅತ್ತೆಯೂ ನೋಡುತ್ತಿದ್ದರು. ನಾನೂ ನೋಡಿದೆ.

ತೊಲೆಯ ಉದ್ದಕ್ಕೂ ಜೋಲಿಗಳಿದ್ದವು. ದೊಡ್ಡಜ್ಜ ಎತ್ತಿಕೊಂಡ ಕೂಸಿನ ಖಾಲಿ ಜೋಲಿಯನ್ನು ಬಿಚ್ಚುವಂತಿಲ್ಲ, ಮಡಿಲಲ್ಲೇ ಇರಲಿ ಎಂದು ತೊಲೆಯ ತನಕ ಜಗ್ಗಿ ಬಿಗಿದುಬಿಡುತ್ತಾರೆ. ಮುಂದಿನ ಕೂಸಿಗೆ ಬೇರೆ ಸೀರೆ, ಬೇರೆ ಹಗ್ಗ. ಈ ಶಾಸ್ತ್ರ ಎಲ್ಲರಿಗೂ ಗೊತ್ತಿತ್ತು. ಅವನ್ನೆಲ್ಲ ಒಟ್ಟಿಗೆ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ, ನೋಡಲು ಹೊಗೆ ಬಿಟ್ಟಿರಲಿಲ್ಲ. ಹೊಗೆಯಲ್ಲಿ ಬಟ್ಟೆಗೆ ಹುಳ ಹಿಡಿಯುವುದಿಲ್ಲವಲ್ಲ, ಒಂದೂ ಲಡ್ಡಾಗಿರಲಿಲ್ಲ. ಮಸಿ ಹಿಡಿದು ಬಾವಲಿಗಳ ಹಾಗೆ ಒತ್ತೊತ್ತಾಗಿ ತೂಗುತ್ತಿದ್ದವು. ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಆಮೇಲೆ ಎರಡನೆಯ ತೊಲೆಗೆ. ನಾನು ಎಣಿಸಲಿಲ್ಲ. ಎಣಿಸುವ ಧೈರ್ಯ ನನಗಿರಲಿಲ್ಲ.

ಅತ್ತೆಯ ಕಣ್ಣು ಬಾಗಿಲ ಕಡೆಯ ಕೊನೆಯಲ್ಲಿ ನಿಂತಿತ್ತು. ಅಲ್ಲಿ ಒಂದು ಜೋಲಿಯ ಮಸಿ ಉದುರಿ ಹಸಿರು ಅಂಚು ಕಾಣುತ್ತಿತ್ತು. ಅವರು ನೆಟ್ಟಗೆ ನಿಲ್ಲಲು ನೋಡಿದರು. ಬೆನ್ನು ಬರಲಿಲ್ಲ, ಅಷ್ಟು ವರ್ಷ ಬಾಗಿದ್ದು ಒಂದು ಗಳಿಗೆಯಲ್ಲಿ ಹೇಗೆ ಬಂದೀತು? ಕುತ್ತಿಗೆ ಮಾತ್ರ ಎತ್ತಿಕೊಂಡು ಒಂದು ಜೋಲಿಯಿಂದ ಇನ್ನೊಂದಕ್ಕೆ ಕಣ್ಣಾಡಿಸಿದರು. ತುಟಿ ಅಲ್ಲಾಡಿತು, ದನಿ ಕೇಳಿಸಲಿಲ್ಲ. ಆಮೇಲೆ ನಿಂಗಿಯನ್ನು ಎದೆಗೆ ಅವುಚಿಕೊಂಡು ಬಾಗಿಲ ಕಡೆ ನಡೆದರು.

"ಸರೀರಿ" ಎಂದು ಮಾವನವರಿಗೆ ಹೇಳಿದರು. ಮಾವನವರು ಸರಿದರು.

ಲಗೇಜ್ ಆಟೋ ಸಿಕ್ಕಿತು. ದಾರಿಯುದ್ದಕ್ಕೂ ಅತ್ತೆ ಕೂಸನ್ನು ನನಗೆ ಕೊಡಲಿಲ್ಲ. ಪಕ್ಕೆಯ ಗುಳಿಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು, ಗುಳಿ ಬೀಳದಂತೆ ಕೈಯಲ್ಲೇ ತಡೆದುಬಿಡುವವರ ಹಾಗೆ. ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿದರು, ಕೈಗೆ ಸೂಜಿ ಚುಚ್ಚಿದರು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ತರುವುದೇ ಬೇಡವಾಗಿತ್ತು ಎಂದು ಡಾಕ್ಟರು ಬೈದರು. ಬೈಯಲಿ, ಬೈಯುವವರು ಕೈಬಿಡುವುದಿಲ್ಲ. ಆ ದಿನವೆಲ್ಲ ಏನೂ ಹೇಳುವಂತಿರಲಿಲ್ಲ. ಮಾರನೆಯ ದಿನ ಹೊತ್ತು ನೆತ್ತಿಗೇರುವಾಗ ಗುಳಿ ಸಣ್ಣದಾಯಿತು. ಸಂಜೆಗೆ ಎದೆಗೆ ಬಾಯಿ ಹಾಕಿ ಚೀಪಿದಳು, ಸೋತು ಬಿಟ್ಟಳು, ಮತ್ತೆ ಚೀಪಿದಳು. ನಾನು ಅತ್ತುಬಿಟ್ಟೆ. ಗಟ್ಟಿಯಾಗಿ ಅತ್ತೆ, ವಾರ್ಡಿನವರೆಲ್ಲ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

ಶಾಹಿದಾ ಸಿಸ್ಟರ್ ಸುದ್ದಿ ಕೇಳಿ ಬಂದರು. ನಿಂಗಿಯ ಉಸಿರು ಎಣಿಸಿ, ಸಮಾಧಾನವಾಗಿ, ಮಂಚದ ಮೇಲೆ ಕೂತು ಅತ್ತೆಯ ಕಡೆ ತಿರುಗಿದರು. "ನಿಮಗೆ ಎಷ್ಟು ಜನ ಮಕ್ಕಳು ಅಜ್ಜಿ?"

ಅತ್ತೆ ಮಾತಾಡುವ ಸ್ಥಿತಿಯಲ್ಲಿಲ್ಲ ಎಂದುಕೊಂಡು ನಾನೇ ಹೇಳಹೊರಟೆ. "ಒಬ್ಬರೇ ಸಿಸ್ಟರ್, ನಮ್ಮ ಯಜಮಾನರು..."

"ಐದು" ಎಂದರು ಅತ್ತೆ.

ಬಾಗಿಲ ಬಳಿ ಫ್ಲಾಸ್ಕು ಹಿಡಿದು ನಿಂತಿದ್ದ ಪಾಲಾಕ್ಷ ತಲೆಯೆತ್ತಿದ.

"ದೊಡ್ಡೋಳು ಕೆಂಪಿ. ಆಮೇಲೆ ಹೊನ್ನಿ. ಲಕ್ಕಿ. ನಾಕನೆಯವಳಿಗೆ ಸಾಕಿ ಅಂತ ಇಟ್ರು." ಪ್ರತಿ ಹೆಸರಿಗೂ ಅತ್ತೆ ನಿಲ್ಲುತ್ತಿದ್ದರು, ನಾಲಿಗೆಗೆ ರೂಢಿ ತಪ್ಪಿಹೋಗಿತ್ತು. "ಎಲ್ಲವೂ ಹಿಂಗೇ. ಹಿಂಗೇ ಪಕ್ಕೆ ಸೆಳ್ಕಂಡು, ಹಿಂಗೇ ತುಟಿ. ಇವನೊಬ್ಬ ಉಳ್ಕಂಡ."

"ಇವರು ಹೇಗೆ ಉಳಿದರು?" ಎಂದು ಸಿಸ್ಟರ್ ಮೆಲ್ಲಗೆ ಕೇಳಿದರು.

"ಇವನ ಜೋಲಿ ಹಗ್ಗ ಹರಿದು ಕೆಳಕ್ಕೆ ಬಿದ್ದ. ಕೈ ಮುರೀತು. ಮೂಳೆ ಕಟ್ಟೋನು ವರ್ಷ ತುಂಬೋ ಗಂಟ ಜೋಲಿಗೆ ಹಾಕ್ಬೇಡ ಅಂದ. ನೆಲದ ಮೇಲೇ ಬೆಳೆದ." ಅತ್ತೆ ನಿಂಗಿಯ ಪಕ್ಕೆಯಿಂದ ಕೈ ತೆಗೆಯದೆ ಹೇಳಿದರು. "ದೊಡ್ಡಜ್ಜಂಗೆ ನನ್ನ ಮಗ ಬ್ಯಾಡ್ವಾಗ್ಬಿಟ್ಟ ಅಂತ ಒಂದು ವರ್ಷ ಅತ್ತಿದೀನಿ ಕಣವ್ವ ನಾನು, ಇವನೊಬ್ಬನಿಗೆ."